ಆರೋಗ್ಯ ವಿಮೆಯ ಹೆಚ್ಚುವರಿ ಕಂತು

ಕಲಬುರಗಿಯ ಬೇಳೆ ಗಿರಣಿಯ ಮಾಲೀಕರಾಗಲಿ, ಕಮಲಾಪುರದ ಕೆಂಪು ಬಾಳೆಯ ವ್ಯಾಪಾರಿಯಾಗಲಿ, ತಮ್ಮ, ಪತ್ನಿಯ ಹಾಗೂ ಅವಲಂಬಿತ ಮಕ್ಕಳ ಆರೋಗ್ಯ ವಿಮೆಗೆ ಎಷ್ಟೇ ಕಂತು ತೆತ್ತರೂ, ಅರವತ್ತರೊಳಗಿನವರಿಗೆ ಆದಾಯದಿಂದ ಕಡಿತ ದೊರೆಯುವುದು ವರ್ಷಕ್ಕೆ 25,000 ರೂಪಾಯಿ ಮಾತ್ರ. ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ. 2015ರ ಹಣಕಾಸು ಕಾಯ್ದೆ ನಿಗದಿಪಡಿಸಿದ ಈ ಮಿತಿ ಅಂದಿನಿಂದ ಕದಲಿಲ್ಲ. ಮಿತಿ ಮೀರಿದ ಹಣಕ್ಕೆ ದಂಡವಿಲ್ಲ, ನಿಜ. ಆದರೆ ಅದನ್ನು ಮುಂದಿನ ವರ್ಷಕ್ಕೆ ಒಯ್ಯಲು ಬಾರದು.

ಅಮೆರಿಕದ ಆರೋಗ್ಯ ಉಳಿತಾಯ ಖಾತೆಗೆ ಮಿತಿಗಿಂತ ಹೆಚ್ಚು ತುಂಬಿ ಸಕಾಲದಲ್ಲಿ ಹಿಂಪಡೆಯದಿದ್ದರೆ ಹೆಚ್ಚುವರಿಯ ಮೇಲೆ ವರ್ಷಕ್ಕೆ ಶೇ. 6ರ ತೆರಿಗೆ ಬೀಳುತ್ತದೆ. ಆದರೂ ಮುಂದಿನ ವರ್ಷದ ಮಿತಿಯೊಳಗೆ ಅದನ್ನು ಹೊಂದಿಸಿಕೊಳ್ಳುವ ದಾರಿ ಅಲ್ಲಿದೆ. ನಮ್ಮಲ್ಲಿರುವುದು ಒಂದೇ ಅನುಕೂಲ: ಹಲವು ವರ್ಷಗಳ ಕಂತನ್ನು ಒಮ್ಮೆಲೇ ಕಟ್ಟಿದರೆ, 2018ರ ತಿದ್ದುಪಡಿಯಂತೆ ಅದನ್ನು ಆಯಾ ವರ್ಷಗಳಿಗೆ ಸಮನಾಗಿ ಹಂಚಿ ರಿಟರ್ನ್‌ನಲ್ಲಿ ತೋರಿಸಬೇಕು. ಇಡೀ ಮೊತ್ತವನ್ನು ಒಂದೇ ವರ್ಷಕ್ಕೆ ಬರೆದವರು ಉಳಿದ ವರ್ಷಗಳ ಕಡಿತ ಕಳೆದುಕೊಳ್ಳುತ್ತಾರೆ. ಏಜೆಂಟರ ಕೈಗೆ ನಗದು ಕೊಡುವ ನಮ್ಮ ಪೇಟೆಯ ರೂಢಿಯಂತೂ ಪೂರ್ತಿ ನಷ್ಟ. ನಗದು ಕಂತಿಗೆ ಕಡಿತವೇ ಇಲ್ಲ.

ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದದ್ದು ಸ್ವಾಗತಾರ್ಹ. ಕಡಿತದ ಮಿತಿಯನ್ನೂ ಏರಿಸಬೇಕೆಂಬ ಬೇಡಿಕೆಯನ್ನು ವಾಣಿಜ್ಯ ಸಂಸ್ಥೆಯು ಮುಂಗಡಪತ್ರಪೂರ್ವ ಮನವಿಯಲ್ಲಿ ಸೇರಿಸುವುದು ಉಚಿತ.