ಹುದ್ದೆಯಿಂದ ಹಿಂದಿರುಗಿದ ಸಂಪಾದಕ

ಸಂಪಾದಕರೊಬ್ಬರು ಸರ್ಕಾರದ ಹುದ್ದೆ ಒಪ್ಪಿಕೊಂಡರು ಎಂಬ ಸುದ್ದಿ ಬಂದರೆ ಓದುಗರು ಅವರ ಹಳೆಯ ಬರಹಗಳನ್ನು ಅನುಮಾನದಿಂದ ತಿರುವಿಹಾಕುತ್ತಾರೆ. ಅಂದು ಈ ಮಂತ್ರಿಯನ್ನು ಹೊಗಳಿದ್ದು ಇದಕ್ಕೇ ಇರಬೇಕು, ಆ ಹಗರಣದ ಬಗ್ಗೆ ಬಾಯಿಬಿಡದೆ ಇದ್ದದ್ದೂ ಇದಕ್ಕೇ ಇರಬೇಕು ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಈ ಅನುಮಾನ ಅನ್ಯಾಯದ್ದೇನಲ್ಲ. ಅಧಿಕಾರವನ್ನು ಪ್ರಶ್ನಿಸುವ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದವರು ಅಧಿಕಾರದ ಪರವಾಗಿ ಮಾತನಾಡುವ ಕೆಲಸಕ್ಕೆ ಹೋದಾಗ, ನಡುವೆ ಏನು ಕೊಡುಕೊಳ್ಳುವಿಕೆ ನಡೆಯಿತೆಂದು ಕೇಳುವ ಹಕ್ಕು ಓದುಗರಿಗೆ ಇದ್ದೇ ಇದೆ. ಆದರೆ ಹೋದದ್ದನ್ನು ಮಾತ್ರ ನೋಡಿ ತೀರ್ಪು ಕೊಟ್ಟರೆ ಸಾಲದು. ಹುದ್ದೆ ಮುಗಿದ ಮೇಲೆ ಆ ಮನುಷ್ಯ ಎಲ್ಲಿಗೆ ಹಿಂದಿರುಗಿದ, ಹಿಂದಿರುಗಿ ಏನು ಬರೆದ ಎಂಬುದು ಹೆಚ್ಚು ನಂಬಬಹುದಾದ ಅಳತೆ. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡು, 1990ರಲ್ಲಿ ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿ, ಮತ್ತೆ ಅಂಕಣಕ್ಕೆ ಮರಳಿ, 2018ರ ಆಗಸ್ಟ್ 23ರಂದು ತೀರಿಕೊಂಡ ಕುಲದೀಪ್ ನಯ್ಯರ್ ಅವರ ಬದುಕನ್ನು ಈ ಅಳತೆಯಿಂದ ನೋಡಬೇಕು.

ನಯ್ಯರ್ ಹುಟ್ಟಿದ್ದು 1923ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್‌ನಲ್ಲಿ. ಲಾಹೋರಿನಲ್ಲಿ ಕಾನೂನು ಓದಿದ್ದ ಅವರನ್ನು ದೇಶವಿಭಜನೆ ದೆಹಲಿಗೆ ತಂದು ಹಾಕಿತು. ಅಲ್ಲಿ ಅವರಿಗೆ ಸಿಕ್ಕ ಮೊದಲ ಕೆಲಸ ‘ಅಂಜಾಮ್’ ಎಂಬ ಉರ್ದು ಪತ್ರಿಕೆಯಲ್ಲಿ. ಮುಂದೆ ಗೃಹ ಸಚಿವರಾಗಿದ್ದ ಗೋವಿಂದ ವಲ್ಲಭ ಪಂತ್, ಬಳಿಕ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಬಳಿ ಪತ್ರಿಕಾ ಅಧಿಕಾರಿಯಾಗಿದ್ದರು. ಆಮೇಲೆ ಯುಎನ್‌ಐ ಸುದ್ದಿಸಂಸ್ಥೆ, ‘ಸ್ಟೇಟ್ಸ್‌ಮನ್’, ‘ಇಂಡಿಯನ್ ಎಕ್ಸ್‌ಪ್ರೆಸ್’. ಇಲ್ಲಿ ಒಂದು ವಿಷಯವನ್ನು ಮರೆಯಬಾರದು: ಅಧಿಕಾರದ ಒಳಮನೆ ಅವರಿಗೆ ಲಂಡನ್ನಿಗೆ ಹೋಗುವ ಬಹಳ ಮೊದಲೇ ಪರಿಚಯವಿತ್ತು. ಮಂತ್ರಿಗಳ ಕಚೇರಿಯಲ್ಲಿ ಸುದ್ದಿ ಹೇಗೆ ಹುಟ್ಟುತ್ತದೆ, ಹೇಗೆ ಸೋರುತ್ತದೆ, ಯಾವುದನ್ನು ಬೇಕೆಂದೇ ಸೋರಿಸುತ್ತಾರೆ ಎಂಬುದನ್ನು ಅವರು ಒಳಗಿದ್ದು ಕಲಿತಿದ್ದರು. ಅವರ ವರದಿಗಾರಿಕೆಯ ಬಲವೂ ಅದೇ, ಅವರ ಮೇಲಿನ ಆಕ್ಷೇಪಗಳ ಮೂಲವೂ ಅದೇ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಜಾರಿಯಾಯಿತು. ದೆಹಲಿಯ ಪತ್ರಿಕಾ ಕಚೇರಿಗಳ ವಿದ್ಯುತ್ ಕಡಿತಗೊಂಡಿತು, ಸೆನ್ಸಾರ್ ಬಂತು. ಕೆಲವೇ ದಿನಗಳಲ್ಲಿ ನಯ್ಯರ್ ಪ್ರೆಸ್ ಕ್ಲಬ್ಬಿನಲ್ಲಿ ಪತ್ರಕರ್ತರನ್ನು ಸೇರಿಸಿ ಸೆನ್ಸಾರ್‌ಶಿಪ್ ವಿರುದ್ಧ ನಿರ್ಣಯ ಮಾಡಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಪ್ರತಿಭಟನೆಯ ಪತ್ರ ಬರೆದರು. ಪಾಕಿಸ್ತಾನದ ಭುಟ್ಟೋ ಆಡಳಿತವನ್ನು ಟೀಕಿಸುವ ನೆಪದಲ್ಲಿ ಲೇಖನವೊಂದನ್ನೂ ಪ್ರಕಟಿಸಿದರು. ಅದು ಯಾರ ಕುರಿತದ್ದೆಂದು ಓದಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಜುಲೈನಲ್ಲಿ ಮೀಸಾ ಕಾಯ್ದೆಯಡಿ ಅವರನ್ನು ಬಂಧಿಸಿ ತಿಹಾರ್ ಜೈಲಿಗೆ ಕಳಿಸಲಾಯಿತು. ಪತ್ನಿ ಭಾರತಿ ನಯ್ಯರ್ ದೆಹಲಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ತೀರ್ಪು ತನಗೆ ವಿರುದ್ಧವಾಗಬಹುದೆಂಬ ಸುಳಿವು ಸಿಕ್ಕ ಸರ್ಕಾರ ಅದಕ್ಕೆ ಮೊದಲೇ ಅವರನ್ನು ಬಿಡುಗಡೆ ಮಾಡಿ, ಇನ್ನು ಈ ಅರ್ಜಿಗೆ ಅರ್ಥವಿಲ್ಲ ಎಂದು ವಾದಿಸಿತು. ನ್ಯಾಯಮೂರ್ತಿಗಳಾದ ಎಸ್. ರಂಗರಾಜನ್ ಮತ್ತು ಆರ್.ಎನ್. ಅಗರ್‌ವಾಲ್ ಅದನ್ನು ಒಪ್ಪದೆ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟೇಬಿಟ್ಟರು. ಅದರ ಬೆಲೆಯನ್ನೂ ತೆತ್ತರು: ರಂಗರಾಜನ್ ಗುವಾಹಟಿಗೆ ವರ್ಗವಾದರು, ಅಗರ್‌ವಾಲ್ ಮತ್ತೆ ಸೆಷನ್ಸ್ ನ್ಯಾಯಾಧೀಶರ ಸ್ಥಾನಕ್ಕೆ ಇಳಿದರು.

ಈ ಪ್ರಕರಣದ ಎಳೆ ಬೆಂಗಳೂರಿಗೂ ಬರುತ್ತದೆ. ಅದೇ ಕಾಲದಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಬೆಂಗಳೂರಿನಲ್ಲಿ ಬಂಧನದಲ್ಲಿದ್ದು, ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕಿದ್ದರು. ಬಂಧಿತರಿಗೆ ನ್ಯಾಯಾಲಯದ ಬಾಗಿಲು ತೆರೆದೇ ಇದೆ ಎಂದು ಹಲವು ಹೈಕೋರ್ಟುಗಳು ಹೇಳಿದ್ದನ್ನು ಸುಪ್ರೀಂ ಕೋರ್ಟ್ 1976ರ ಏಪ್ರಿಲ್‌ನಲ್ಲಿ, ಎಡಿಎಂ ಜಬಲ್ಪುರ ಪ್ರಕರಣದಲ್ಲಿ, ನಾಲ್ಕು–ಒಂದರ ಬಹುಮತದಿಂದ ತಳ್ಳಿಹಾಕಿತು. ಆ ತೀರ್ಪನ್ನು ಸುಪ್ರೀಂ ಕೋರ್ಟೇ ಅಧಿಕೃತವಾಗಿ ರದ್ದುಪಡಿಸಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಪ್ರಕರಣದಲ್ಲಿ. ಬಿಡುಗಡೆಯ ನಂತರವೂ ನಯ್ಯರ್ ಬಗ್ಗಲಿಲ್ಲ. 1977ರ ಜನವರಿಯಲ್ಲಿ ಚುನಾವಣೆ ಘೋಷಣೆಯಾಗುವ ಮೊದಲೇ, ಸೆನ್ಸಾರಿನ ಬೆದರಿಕೆಯ ನಡುವೆ, ಚುನಾವಣೆ ಬರಲಿದೆ ಎಂಬ ಸುದ್ದಿಯನ್ನು ಹೊರತಂದವರು ಅವರು. ತುರ್ತು ಪರಿಸ್ಥಿತಿಯ ಕುರಿತ ‘ದಿ ಜಡ್ಜ್‌ಮೆಂಟ್’ ಪುಸ್ತಕವೂ ಅದೇ ವರ್ಷ ಬಂತು.

ಇಂಥ ಹಿನ್ನೆಲೆಯ ಪತ್ರಕರ್ತರನ್ನು ವಿ.ಪಿ. ಸಿಂಗ್ ಸರ್ಕಾರ 1990ರಲ್ಲಿ ಲಂಡನ್ನಿಗೆ ಕಳಿಸಿತು. ಪತ್ರಕರ್ತರು ರಾಯಭಾರಿಗಳಾದದ್ದು ಅದೇ ಮೊದಲಲ್ಲ. ‘ಹಿಂದೂಸ್ತಾನ್ ಟೈಮ್ಸ್’ನ ಮೊದಲ ಸಂಪಾದಕ ಕೆ.ಎಂ. ಪಣಿಕ್ಕರ್ ಚೀನಾದಲ್ಲಿ ರಾಯಭಾರಿಯಾಗಿದ್ದರು. ಕೊನೆಗಾಲದಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು. ಅಲಹಾಬಾದಿನ ‘ಇಂಡಿಪೆಂಡೆಂಟ್’ ಪತ್ರಿಕೆಯ ಸಂಪಾದಕರಾಗಿದ್ದ ಸೈಯದ್ ಹುಸೇನ್ ಈಜಿಪ್ಟಿಗೆ ಸ್ವತಂತ್ರ ಭಾರತದ ಮೊದಲ ರಾಯಭಾರಿ. ಆದರೆ ಅದು ದೇಶ ಆಗಷ್ಟೇ ತನ್ನ ಕಾಲ ಮೇಲೆ ನಿಲ್ಲುತ್ತಿದ್ದ ಹೊತ್ತು. ಸ್ವಾತಂತ್ರ್ಯ ಚಳವಳಿಯ ಪತ್ರಿಕೆಯಿಂದ ಸ್ವತಂತ್ರ ದೇಶದ ಸೇವೆಗೆ ಹೋದದ್ದನ್ನು ಯಾರೂ ಪಕ್ಷಾಂತರವೆಂದು ಕಾಣಲಿಲ್ಲ. 1990ರ ಹೊತ್ತಿಗೆ ಕಾಲ ಬದಲಾಗಿತ್ತು. ಸರ್ಕಾರ ಮತ್ತು ಪತ್ರಿಕೆ ಎದುರಾಳಿಗಳಾಗಿ ನಿಂತದ್ದನ್ನು ತುರ್ತು ಪರಿಸ್ಥಿತಿಯಲ್ಲಿ ದೇಶವೇ ಕಂಡಿತ್ತು. ಹಾಗಾಗಿ ನಯ್ಯರ್ ನೇಮಕವನ್ನು ಪಣಿಕ್ಕರ್ ಸಾಲಿನಲ್ಲಿಟ್ಟು ಸಮರ್ಥಿಸುವುದು ಸುಲಭವಲ್ಲ. ಸಮರ್ಥನೆ ಬೇರೆ ಕಡೆಯಿಂದ ಬರಬೇಕು. 1984ರ ನಂತರ ಬ್ರಿಟನ್ನಿನ ಸಿಖ್ಖರಲ್ಲಿ ದೆಹಲಿಯ ಬಗ್ಗೆ ಆಳವಾದ ಸಿಟ್ಟಿತ್ತು, ಖಾಲಿಸ್ತಾನದ ಕೂಗು ಅಲ್ಲಿ ಬಲವಾಗಿತ್ತು. ಖುಷ್ವಂತ್ ಸಿಂಗ್ ಜೊತೆಗೂಡಿ ಪಂಜಾಬಿನ ದುರಂತದ ಬಗ್ಗೆ ಪುಸ್ತಕ ಬರೆದಿದ್ದ ಪಂಜಾಬಿಯೊಬ್ಬರು ಅಲ್ಲಿಗೆ ಹೋದದ್ದಕ್ಕೆ ಅರ್ಥವಿತ್ತು. ವೃತ್ತಿಯ ರಾಜತಾಂತ್ರಿಕರಿಗೆ ಸಿಗದಿದ್ದ ಒಂದು ಬಂಡವಾಳ ಅವರಲ್ಲಿತ್ತು: ಸರ್ಕಾರ ಹೇಳಿದ್ದನ್ನೆಲ್ಲ ಹೇಳುವವರಲ್ಲ ಎಂಬ ಹೆಸರು. ಆ ಹೆಸರನ್ನು ಸಂಪಾದಿಸಿದ್ದು ತಿಹಾರಿನಲ್ಲಿ.

ಆ ಹುದ್ದೆ ಹೆಚ್ಚು ಕಾಲ ಉಳಿಯಲಿಲ್ಲ. 1990ರ ನವೆಂಬರಿನಲ್ಲಿ ಸಿಂಗ್ ಸರ್ಕಾರ ಬಿತ್ತು, ನಯ್ಯರ್ ಅವರ ಲಂಡನ್ ಅಧ್ಯಾಯವೂ ಕೆಲವೇ ತಿಂಗಳಲ್ಲಿ ಮುಗಿಯಿತು. ನನ್ನ ವಾದ ನಿಂತಿರುವುದು ಇದರ ನಂತರದ ಇಪ್ಪತ್ತೇಳು ವರ್ಷಗಳ ಮೇಲೆ. ಮಾಜಿ ರಾಯಭಾರಿ ಎಂಬ ಬಿರುದನ್ನು ಹಿಡಿದು ಮುಂದಿನ ಹುದ್ದೆಗಾಗಿ ದೆಹಲಿಯ ಕಾರಿಡಾರುಗಳಲ್ಲಿ ಸುತ್ತುವ ದಾರಿ ಅವರಿಗೂ ತೆರೆದಿತ್ತು. ಅವರು ಮರಳಿದ್ದು ‘ಬಿಟ್ವೀನ್ ದ ಲೈನ್ಸ್’ ಅಂಕಣಕ್ಕೆ, ಮಾನವ ಹಕ್ಕುಗಳ ಹೋರಾಟಕ್ಕೆ. ಆ ಬಳಿಕ ಅಧಿಕಾರಕ್ಕೆ ಬಂದ ಕಾಂಗ್ರೆಸ್, ಸಂಯುಕ್ತ ರಂಗ, ಬಿಜೆಪಿ ಸರ್ಕಾರಗಳಲ್ಲಿ ಯಾವುದೂ ಅವರನ್ನು ತಮ್ಮವರೆಂದು ಹೇಳಿಕೊಳ್ಳುವಂತಿರಲಿಲ್ಲ. 1997ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಆ ಅವಧಿ ಮುಗಿದ ವರ್ಷವೇ, 2003ರಲ್ಲಿ, ಸಂಸತ್ತು ಜನಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯಸಭೆಗೆ ನಿಲ್ಲುವವರು ಅದೇ ರಾಜ್ಯದ ನಿವಾಸಿಗಳಾಗಿರಬೇಕೆಂಬ ಷರತ್ತನ್ನು ತೆಗೆದುಹಾಕಿತು. ಗುಪ್ತ ಮತದಾನವನ್ನು ಬಹಿರಂಗ ಮತದಾನವಾಗಿ ಬದಲಿಸಿತು. ತಾವೇ ಕುಳಿತೆದ್ದ ಸದನದ ಈ ತೀರ್ಮಾನವನ್ನು ನಯ್ಯರ್ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2006ರ ಆಗಸ್ಟಿನಲ್ಲಿ ಸೋತರು.

ಆ ಸೋಲು ಕನ್ನಡಿಗರಿಗೆ ದೂರದ ಸಂಗತಿಯಲ್ಲ. 2011ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ನಡೆದ ಉಪಚುನಾವಣೆಯಲ್ಲಿ ಹೇಮಾ ಮಾಲಿನಿ ಗೆದ್ದು, ಕನ್ನಡದ ಹಿರಿಯ ವಿಮರ್ಶಕ ಡಾ. ಕೆ. ಮರುಳಸಿದ್ಧಪ್ಪ ಸೋತಾಗ ನಾಡಿನಲ್ಲಿ ಎದ್ದ ಪ್ರಶ್ನೆಯನ್ನೇ ನಯ್ಯರ್ ಹಲವು ವರ್ಷ ಮೊದಲೇ ನ್ಯಾಯಾಲಯದಲ್ಲಿ ಎತ್ತಿದ್ದರು. 2016ರಲ್ಲಿ ನಿರ್ಮಲಾ ಸೀತಾರಾಮನ್, 2024ರಲ್ಲಿ ಅಜಯ್ ಮಾಕನ್ ನಮ್ಮ ವಿಧಾನಸಭೆಯ ಮತಗಳಿಂದಲೇ ಮೇಲ್ಮನೆಗೆ ಹೋದರು. ಬಿಜೆಪಿಯಾಗಲಿ ಕಾಂಗ್ರೆಸ್ಸಾಗಲಿ, ರಾಜ್ಯಗಳ ಸದನವನ್ನು ಪಕ್ಷದ ವರಿಷ್ಠರ ಅನುಕೂಲದ ಸದನವಾಗಿ ಬಳಸಿಕೊಳ್ಳುವ ವಿಷಯದಲ್ಲಿ ಒಂದೇ ದಾರಿ ಹಿಡಿದಿವೆ. ಆ ದಾರಿಗೆ ಅಡ್ಡ ನಿಂತು ಕೇಳಿದವರು ಪಕ್ಷದವರಲ್ಲ, ಆ ಸದನದಿಂದ ಆಗಷ್ಟೇ ಹೊರಬಂದ ಪತ್ರಕರ್ತರು. ಹುದ್ದೆ ಕೊಟ್ಟ ವ್ಯವಸ್ಥೆಯ ಋಣ ತೀರಿಸುವ ಲಕ್ಷಣ ಇದಲ್ಲ.

ಇದಕ್ಕೆ ಬಲವಾದ ಆಕ್ಷೇಪಗಳಿವೆ. ಮೊದಲನೆಯದು, ನಯ್ಯರ್ ಅಧಿಕಾರದಿಂದ ಎಂದೂ ದೂರವಿರಲಿಲ್ಲ ಎಂಬುದು. 1964ರಲ್ಲಿ ನೆಹರೂ ತೀರಿಕೊಂಡಾಗ, ಮೊರಾರ್ಜಿ ದೇಸಾಯಿ ಪ್ರಧಾನಿ ಸ್ಥಾನದ ಸ್ಪರ್ಧೆಗೆ ಇಳಿದಿದ್ದಾರೆ ಎಂಬ ಯುಎನ್‌ಐ ಸುದ್ದಿಯನ್ನು ಕೊಟ್ಟವರು ಅವರು. ಶೋಕದ ಹೊತ್ತಿನಲ್ಲಿ ಅಧಿಕಾರಕ್ಕೆ ಆತುರಪಟ್ಟವರೆಂಬ ಹೆಸರು ಮೊರಾರ್ಜಿಯವರಿಗೆ ಬಂತು. ಅದರ ಲಾಭವಾದದ್ದು ನಯ್ಯರ್ ಹಿಂದೆ ಕೆಲಸ ಮಾಡಿದ್ದ ಶಾಸ್ತ್ರಿಯವರಿಗೆ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಸುದ್ದಿ ಸತ್ಯವಿದ್ದರೂ ಕೊಟ್ಟವರ ಹಳೆಯ ನಂಟು ಓದುಗರಿಗೆ ತಿಳಿದಿರಬೇಕಿತ್ತು. ಆದರೆ ಈ ಪ್ರಸಂಗ ನಮ್ಮ ಕಿವಿಗೆ ಬಿದ್ದಿರುವುದರಲ್ಲಿ ನಯ್ಯರ್ ಅವರ ಸ್ವಂತ ಬರಹದ ಪಾಲೂ ದೊಡ್ಡದು. ಜೊತೆಗೆ, ಅಧಿಕಾರದ ಸಾಮೀಪ್ಯವೊಂದೇ ಮನುಷ್ಯನನ್ನು ನಿರ್ಧರಿಸುವುದಾದರೆ 1975ರ ಜುಲೈ ಬರಬಾರದಿತ್ತು. ಅಂದು ಸರ್ಕಾರದ ಒಳಗುಟ್ಟು ಬಲ್ಲ ಎಷ್ಟೋ ಪತ್ರಕರ್ತರು ಮೌನದಲ್ಲಿ ಕ್ಷೇಮ ಕಂಡುಕೊಂಡರು. ಅದೇ ಬಗೆಯ ಪರಿಚಯಗಳಿದ್ದ ಇವರು ಜೈಲಿಗೆ ಹೋದರು.

ಎರಡನೆಯ ಆಕ್ಷೇಪ ಪಾಕಿಸ್ತಾನಕ್ಕೆ ಸಂಬಂಧಿಸಿದ್ದು. ಆಗಸ್ಟ್ 14ರ ರಾತ್ರಿ ವಾಘಾ ಗಡಿಯಲ್ಲಿ ಮೋಂಬತ್ತಿ ಹಚ್ಚುವ ಪರಿಪಾಠವನ್ನು ಅವರು 1990ರ ದಶಕದಲ್ಲಿ ಬೆಳೆಸಿದರು. ಕಾರ್ಗಿಲ್ ನಡೆಯಿತು, 2008ರಲ್ಲಿ ಮುಂಬೈ ದಾಳಿ ನಡೆಯಿತು, ಅವರು ನಿಲ್ಲಿಸಲಿಲ್ಲ. 2011ರಲ್ಲಿ ಅಮೆರಿಕದಲ್ಲಿ ಬಂಧಿತನಾದ ಗುಲಾಂ ನಬಿ ಫಾಯ್‌ಗೆ ಪಾಕಿಸ್ತಾನದ ಐಎಸ್‌ಐ ಹಣ ಹೋಗುತ್ತಿತ್ತೆಂಬುದು ಬಯಲಾದಾಗ, ಆತನ ಕಾಶ್ಮೀರ ಸಮ್ಮೇಳನಗಳಿಗೆ ಹೋಗಿಬಂದಿದ್ದ ಭಾರತೀಯರ ಪಟ್ಟಿಯಲ್ಲಿ ನಯ್ಯರ್ ಹೆಸರೂ ಇತ್ತು. ಆತಿಥ್ಯ ನೀಡುವವರ ಹಣದ ಮೂಲವನ್ನು ವಿಚಾರಿಸುವುದು ಪತ್ರಕರ್ತರ ಮೊದಲ ಪಾಠ; ಅದು ಅಲ್ಲಿ ತಪ್ಪಿತು. ಆದರೆ ಅವರನ್ನು ಪಾಕಿಸ್ತಾನದ ಮುಗ್ಧ ಅಭಿಮಾನಿ ಎನ್ನುವವರು 1987ನ್ನು ನೆನೆಯಬೇಕು. ಆ ವರ್ಷ ಜನವರಿಯಲ್ಲಿ ಅಣುವಿಜ್ಞಾನಿ ಎ.ಕ್ಯೂ. ಖಾನ್ ಅವರನ್ನು ಸಂದರ್ಶಿಸಿ, ಪಾಕಿಸ್ತಾನದ ಬಳಿ ಬಾಂಬ್ ಸಾಮರ್ಥ್ಯವಿದೆ ಎಂಬುದನ್ನು ಮಾರ್ಚ್ 1ರಂದು ಲಂಡನ್ನಿನ ‘ಅಬ್ಸರ್ವರ್’ನಲ್ಲಿ ಜಗತ್ತಿಗೆ ಹೇಳಿದವರು ಅವರೇ. ನೆರೆಯವರೊಡನೆ ಮಾತು ನಿಲ್ಲಬಾರದೆನ್ನುವ ನಿಲುವೂ, ನೆರೆಯವರು ಮುಚ್ಚಿಟ್ಟಿದ್ದನ್ನು ಬಯಲಿಗೆಳೆಯುವ ವೃತ್ತಿಯೂ ಒಬ್ಬರಲ್ಲೇ ಇರಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೂರನೆಯ ಆಕ್ಷೇಪವೇ ಹೆಚ್ಚು ಗಂಭೀರ. ಒಬ್ಬ ನಯ್ಯರ್ ನೆಟ್ಟಗೆ ನಡೆದರೆಂದು ಉಳಿದವರಿಗೂ ಬಾಗಿಲು ತೆರೆಯುವುದು ಸರಿಯೇ? ನಾಳೆ ಹುದ್ದೆ ಸಿಗಬಹುದೆಂಬ ಆಸೆಯೇ ಇಂದಿನ ಸಂಪಾದಕೀಯವನ್ನು ಮೆತ್ತಗೆ ಮಾಡುವುದಿಲ್ಲವೇ? ಖಂಡಿತ ಮಾಡುತ್ತದೆ. ವ್ಯಕ್ತಿಯ ಗುಣವನ್ನು ನಂಬಿ ವ್ಯವಸ್ಥೆ ಕಟ್ಟಲಾಗದು. ನಯ್ಯರ್ ಅವರ ಬದುಕು ಇಲ್ಲಿಯೂ ಒಂದು ಪಾಠ ಕೊಡುತ್ತದೆ. ಅವರು ಹಿಂದಿರುಗಲು ಸಾಧ್ಯವಾದದ್ದು ಧೈರ್ಯದಿಂದ ಮಾತ್ರವಲ್ಲ, ಹಿಂದಿರುಗಲು ಒಂದು ಜಾಗ ಇದ್ದುದರಿಂದ. ಅವರ ಅಂಕಣ ಒಬ್ಬ ಮಾಲೀಕರ ಹಂಗಿನಲ್ಲಿರಲಿಲ್ಲ. ಭಾರತದ ಹಲವು ಭಾಷೆಗಳ ಪತ್ರಿಕೆಗಳಲ್ಲಿ ಮಾತ್ರವಲ್ಲ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲೂ ಪ್ರಕಟವಾಗುತ್ತಿತ್ತು. ಒಂದು ಪತ್ರಿಕೆ ಕೈಬಿಟ್ಟರೂ ಬರಹ ನಿಲ್ಲುತ್ತಿರಲಿಲ್ಲ, ಬದುಕು ಕೆಡುತ್ತಿರಲಿಲ್ಲ. ಇಂದಿನ ಸಂಪಾದಕರಲ್ಲಿ ಬಹುತೇಕರಿಗೆ ಈ ಅನುಕೂಲವಿಲ್ಲ. ಮಾಲೀಕರು ಸರ್ಕಾರಿ ಜಾಹೀರಾತನ್ನು ನೆಚ್ಚಿಕೊಂಡಿರುವಾಗ, ಸಂಪಾದಕರು ಮಾಲೀಕರೊಬ್ಬರನ್ನೇ ನೆಚ್ಚಿಕೊಂಡಿರುವಾಗ, ಹುದ್ದೆಯ ಆಮಿಷಕ್ಕೆ ಎದುರು ನಿಲ್ಲಲು ಎಡೆಯೇ ಇರುವುದಿಲ್ಲ.

ಆದ್ದರಿಂದ ಪತ್ರಕರ್ತರು ಸಾರ್ವಜನಿಕ ಹುದ್ದೆಗೆ ಹೋಗಲೇಬಾರದೆಂಬ ನಿಷೇಧಕ್ಕಿಂತ ಕೆಲವು ಕಟ್ಟುಪಾಡುಗಳು ಬೇಕು. ಹುದ್ದೆಯ ಮಾತುಕತೆ ಶುರುವಾದ ದಿನವೇ ಆ ಸಂಪಾದಕರು ರಾಜಕೀಯ ಬರವಣಿಗೆ ನಿಲ್ಲಿಸಬೇಕು. ಪತ್ರಿಕೆ ಬಿಟ್ಟ ದಿನಕ್ಕೂ ಹುದ್ದೆಗೆ ಸೇರುವ ದಿನಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ಅಂತರವಿರಬೇಕು. ಮರಳಿ ಬರೆಯತೊಡಗಿದಾಗ, ತಾವು ಯಾವ ಸರ್ಕಾರದಲ್ಲಿ ಏನಾಗಿದ್ದರು ಎಂಬುದು ಪ್ರತಿ ಲೇಖನದ ಕೆಳಗೆ ಅಚ್ಚಾಗಬೇಕು. ಇವಕ್ಕೆ ಹೊಸ ಕಾನೂನು ಬೇಕಿಲ್ಲ, ಪತ್ರಿಕೆಗಳು ಮನಸ್ಸು ಮಾಡಿದರೆ ನಾಳೆಯೇ ಜಾರಿಗೆ ತರಬಹುದು. ಓದುಗರ ಪಾಲೂ ಇದರಲ್ಲಿದೆ: ಚಂದಾ ಹಣದಿಂದ ನಡೆಯುವ ಪತ್ರಿಕೆಯಷ್ಟು ಗಟ್ಟಿಯಾಗಿ ಜಾಹೀರಾತಿನಿಂದ ನಡೆಯುವ ಪತ್ರಿಕೆ ನಿಲ್ಲಲಾರದು. ಮರಣಾನಂತರ, 2019ರಲ್ಲಿ, ಸರ್ಕಾರ ನಯ್ಯರ್ ಅವರಿಗೆ ಪದ್ಮಭೂಷಣ ಪ್ರಕಟಿಸಿತು. ಪ್ರಶಸ್ತಿ ಕೊಡುವುದು ಸರ್ಕಾರಗಳಿಗೆ ಸುಲಭ. ಹುದ್ದೆಗೆ ಹೋದ ಪತ್ರಕರ್ತರು ಮರಳಿ ಬಂದು ಅದೇ ಸರ್ಕಾರವನ್ನು ಪ್ರಶ್ನಿಸಿದರೂ ಬದುಕಬಲ್ಲಂಥ ಪತ್ರಿಕೋದ್ಯಮವನ್ನು ಉಳಿಸಿಕೊಳ್ಳುವುದು ಕಷ್ಟ, ಮತ್ತು ಆ ಕೆಲಸ ಸರ್ಕಾರದ್ದಲ್ಲ, ಪತ್ರಿಕೆಗಳದ್ದು ಹಾಗೂ ಅವುಗಳಿಗೆ ಕಾಸು ಕೊಟ್ಟು ಓದುವವರದ್ದು.