ಸೆಪ್ಸಿಸ್‌ನಿಂದ ಬದುಕಿದವರಿಗೂ ಕಾದಿರುವ ಅಪಾಯ

ಬ್ಯಾಡಗಿಯ ಮೆಣಸಿನಕಾಯಿ ಹೊಲದಲ್ಲೋ ರಾಣೆಬೆನ್ನೂರಿನ ಬೀಜೋತ್ಪಾದನೆಯ ತಾಕಿನಲ್ಲೋ ಕುಡುಗೋಲು ತಾಗಿದರೆ, ಅರಿಶಿನ ಮೆತ್ತಿ, ಔಷಧ ಅಂಗಡಿಯಿಂದ ಎರಡು ದಿನದ ಗುಳಿಗೆ ತಂದು ಕೆಲಸಕ್ಕೆ ಮರಳುವವರಿದ್ದಾರೆ. ಹೆಚ್ಚಿನ ಗಾಯಗಳು ಮಾಯುತ್ತವೆ. ಕೆಲವು ಸೆಪ್ಸಿಸ್‌ಗೆ ತಿರುಗುತ್ತವೆ. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಸಾವುಗಳಿಗೆ ಸೆಪ್ಸಿಸ್‌ನ ನಂಟಿತ್ತೆಂಬ ಅಂದಾಜಿದೆ.

ಸೆಪ್ಸಿಸ್‌ನಲ್ಲಿ ಸೋಂಕಿನ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆ ಹತೋಟಿ ಮೀರಿ ಉರಿದೆದ್ದು ಸ್ವಂತ ಅಂಗಾಂಗಗಳನ್ನೇ ಘಾಸಿಗೊಳಿಸುತ್ತದೆ. ಜನರಿಗೆ ಅಷ್ಟಾಗಿ ತಿಳಿಯದ್ದು ಇದರ ಇನ್ನೊಂದು ಮುಖ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಭಾರೀ ಸಂಖ್ಯೆಯಲ್ಲಿ ಸಾಯುತ್ತವೆ. ರೋಗಾಣುವಿನ ಗುರುತನ್ನು ಇತರ ಕಣಗಳಿಗೆ ತೋರಿಸಬೇಕಾದ ಮೊನೊಸೈಟ್‌ಗಳು ಮಂಕಾಗುತ್ತವೆ. ಬದುಕುಳಿದವರಲ್ಲೂ ಈ ದೌರ್ಬಲ್ಯ ವಾರಗಟ್ಟಲೆ ಉಳಿಯಬಹುದು. ಐಸಿಯುನಲ್ಲಿ ವೆಂಟಿಲೇಟರ್, ಮೂತ್ರನಳಿಕೆಗಳ ನಡುವೆ ಮಲಗಿದವರ ಮೇಲೆ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಎರಗಲು ಇದಕ್ಕಿಂತ ಸುಲಭದ ಹೊತ್ತಿಲ್ಲ. ಪ್ರಬಲ ಆ್ಯಂಟಿಬಯಾಟಿಕ್‌ಗಳಿಗೂ ಅವು ಬಗ್ಗದಿದ್ದರೆ ಔಷಧವೂ ಸೋಲುತ್ತದೆ, ದೇಹವೂ ಸೋಲುತ್ತದೆ.

ಚೀಟಿಯಿಲ್ಲದೆ ತಂದು ಎರಡೇ ದಿನ ನುಂಗುವ ಆ್ಯಂಟಿಬಯಾಟಿಕ್ ಗುಳಿಗೆಗಳೂ ರೋಗಾಣುಗಳು ಹೀಗೆ ಬಗ್ಗದಂತಾಗಲು ಕಾರಣ. ಅನೇಕ ಆ್ಯಂಟಿಬಯಾಟಿಕ್‌ಗಳಿಗೆ ವೈದ್ಯರ ಚೀಟಿ, ಮಾರಾಟದ ದಾಖಲೆ ಎರಡೂ ಕಡ್ಡಾಯವೆನ್ನುವ ಷೆಡ್ಯೂಲ್ ಎಚ್1 ನಿಯಮ 2014ರಿಂದಲೇ ಇದೆ. ಕೇರಳ 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಔಷಧ ಅಂಗಡಿಗಳ ತಪಾಸಣೆಗಿಳಿಯಿತು.

ಬ್ಯಾಡಗಿ, ರಾಣೆಬೆನ್ನೂರುಗಳಿರುವ ಹಾವೇರಿ ಜಿಲ್ಲೆಗೂ ಅಷ್ಟೇ ಗಟ್ಟಿಯಾದ ತಪಾಸಣೆ ಬೇಕು. ಜ್ವರದ ಜೊತೆ ಗೊಂದಲದ ಮಾತು, ವೇಗದ ಉಸಿರು, ಕಡಿಮೆಯಾದ ಮೂತ್ರದಂಥ ಸೆಪ್ಸಿಸ್ ಲಕ್ಷಣಗಳು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕೆಂಬ ತಿಳಿವಳಿಕೆ ಆಶಾ ಕಾರ್ಯಕರ್ತೆಯರ ಮೂಲಕ ಪ್ರತಿ ಮನೆಗೂ ತಲುಪಬೇಕು.