ಆ ರಾತ್ರಿ ಮದ್ದಳೆ ಯಾರದ್ದು?

ಹೊನ್ನಾವರ, ಕುಮಟಾ, ಭಟ್ಕಳದ ಯಕ್ಷಗಾನಪ್ರಿಯರಿಗೆ ಕೂಡಾಟವೆಂದರೆ ಏನೆಂದು ವಿವರಿಸಬೇಕಿಲ್ಲ. ಬೇರೆ ಬೇರೆ ಮೇಳಗಳಲ್ಲಿ ಹೆಸರು ಮಾಡಿದವರು ಒಂದೇ ರಂಗಸ್ಥಳದಲ್ಲಿ ಎದುರುಬದುರಾಗುವ ರಾತ್ರಿ ಅದು. ಜೋಡಾಟವಾದರೆ ಪಕ್ಕಪಕ್ಕದಲ್ಲೇ ಎರಡು ರಂಗಸ್ಥಳ, ಒಂದೇ ಪ್ರಸಂಗ, ಬೆಳಗಿನವರೆಗೆ ಪೈಪೋಟಿ. ಕೆರೆಮನೆ ಶಿವರಾಮ ಹೆಗಡೆಯವರ ಕೌರವ, ಶಂಭು ಹೆಗಡೆಯವರ ಕರ್ಣ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಎಂದರೆ ಹಿರಿಯ ಪ್ರೇಕ್ಷಕರ ಮುಖ ಈಗಲೂ ಅರಳುತ್ತದೆ. ಆದರೆ ಆ ಆಟ ಯಾವ ಊರಲ್ಲಿ ಆಯಿತು, ಯಾವ ತಾರೀಖು, ಪದ ಹೇಳಿದವರು ಯಾರು, ಮದ್ದಳೆಗೆ ಕೂತವರು ಯಾರು ಎಂದು ಕೇಳಿದರೆ ಮಾತು ತಡವರಿಸುತ್ತದೆ. ಗುಣವಂತೆಯ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ 1934ರಲ್ಲಿ ಹುಟ್ಟಿತು, ಚಿಟ್ಟಾಣಿಯವರಿಗೆ 2012ರಲ್ಲಿ ಪದ್ಮಶ್ರೀ ಬಂತು ಎಂಬುದು ಎಲ್ಲರಿಗೂ ಗೊತ್ತು. ಪ್ರಶಸ್ತಿಗಳ ಪಟ್ಟಿ, ಅಭಿನಂದನ ಗ್ರಂಥ, ಪತ್ರಿಕೆಯ ಬಿಡಿ ವಿಮರ್ಶೆಗಳೂ ಇವೆ. ಒಂದೊಂದು ಆಟದಲ್ಲಿ ನಿಜವಾಗಿ ನಡೆದದ್ದೇನು ಎಂಬುದನ್ನು ಕ್ರಮವಾಗಿ ಬರೆದಿಡುವ ಪದ್ಧತಿ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ. ಅದನ್ನು ಈಗಲಾದರೂ ಶುರು ಮಾಡಬೇಕೆಂಬುದೇ ನನ್ನ ವಾದ.

ಅಮೆರಿಕದ ಬೇಸ್‌ಬಾಲ್‌ಗೂ ಇಂಥದೊಂದು ಕೂಡಾಟವಿದೆ. ಚಿಟ್ಟಾಣಿಯವರು ಹುಟ್ಟಿದ 1933ರಲ್ಲೇ, ಜುಲೈ 6ರಂದು, ಷಿಕಾಗೊದ ಕೊಮಿಸ್ಕಿ ಪಾರ್ಕ್‌ನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ನಗರದಲ್ಲಿ ವಿಶ್ವಮೇಳ ನಡೆದಿತ್ತು. ಅಲ್ಲಿನ ‘ಟ್ರಿಬ್ಯೂನ್’ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್ ಎರಡು ಲೀಗ್‌ಗಳ ಅತ್ಯುತ್ತಮ ಆಟಗಾರರನ್ನು ಒಂದೇ ಮೈದಾನಕ್ಕೆ ತಂದರು. ಅಮೆರಿಕನ್ ಲೀಗ್ 4-2ರಿಂದ ಗೆದ್ದಿತು. ಆಗಲೇ 38 ವರ್ಷವಾಗಿದ್ದ ಬೇಬ್ ರೂತ್ ಮೂರನೇ ಇನ್ನಿಂಗ್ಸ್‌ನಲ್ಲಿ ಹೋಂ ರನ್ ಹೊಡೆದರು. ಇಷ್ಟನ್ನು ಜನಪದ ನೆನಪೂ ಉಳಿಸಿಕೊಳ್ಳುತ್ತಿತ್ತು. ಆದರೆ ಅಂದಿನ ಮೊದಲ ರನ್‌ಗೆ ಕಾರಣನಾದದ್ದು, ಬ್ಯಾಟ್ ಹಿಡಿಯಲು ಬಾರದವನೆಂದೇ ಹೆಸರಾಗಿದ್ದ ಎಸೆತಗಾರ ಲೆಫ್ಟಿ ಗೋಮೆಜ್‌ನ ಹೊಡೆತ. ಇದು ಇಂದಿಗೂ ಗೊತ್ತಿರುವುದಕ್ಕೆ ಕಾರಣ ಒಂದು ಪುಟ್ಟ ಕೋಷ್ಟಕ. ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಕ್ರಿಕೆಟ್ ವರದಿ ಮಾಡುತ್ತಿದ್ದ ಹೆನ್ರಿ ಚಾಡ್ವಿಕ್ 19ನೇ ಶತಮಾನದ ನಡುವಿನಲ್ಲಿ ಬೆಳೆಸಿದ ಬರವಣಿಗೆಯ ಕ್ರಮವದು. ಗೆದ್ದವರ ಜೊತೆ ಸೋತವರನ್ನೂ, ತಾರೆಯ ಜೊತೆ ಬದಲಿ ಆಟಗಾರನನ್ನೂ ಅದು ಒಂದೇ ಅಳತೆಯ ಅಕ್ಷರದಲ್ಲಿ ಬರೆದಿಡುತ್ತದೆ.

ಅದೇ ವರ್ಷ ಸೆಪ್ಟೆಂಬರ್ 10ರಂದು ಅದೇ ಮೈದಾನದಲ್ಲಿ ಇನ್ನೊಂದು ತಾರಾ ಪಂದ್ಯ ನಡೆಯಿತು. ಬಿಳಿಯರ ಲೀಗ್‌ಗಳು ಕರಿಯ ಆಟಗಾರರಿಗೆ ಬಾಗಿಲು ಮುಚ್ಚಿದ್ದ ಕಾಲ ಅದು. ತಮ್ಮದೇ ಲೀಗ್ ಕಟ್ಟಿಕೊಂಡಿದ್ದ ಅವರು ಪೂರ್ವ-ಪಶ್ಚಿಮ ಎಂದು ಎರಡು ತಂಡವಾಗಿ ಆಡಿದರು. ಅವರ ಆಟಗಳ ದಾಖಲೆ ಚದುರಿಹೋಗಿತ್ತು; ಅಂಕಿಅಂಶವಿಲ್ಲದ ಕಾರಣಕ್ಕೇ ಅವರ ಪ್ರತಿಭೆ ದಂತಕತೆಯೆನಿಸಿಕೊಂಡಿತು. ಸಂಶೋಧಕರು ಕರಿಯ ಸಮುದಾಯದ ಹಳೆಯ ಪತ್ರಿಕೆಗಳನ್ನು ವರ್ಷಗಟ್ಟಲೆ ಜಾಲಾಡಿ, ಸಿಕ್ಕಿದ ಪಂದ್ಯಗಳನ್ನು ಒಂದೊಂದಾಗಿ ಜೋಡಿಸಿದರು. 2020ರ ಡಿಸೆಂಬರ್‌ನಲ್ಲಿ ಆ ಲೀಗ್‌ಗಳಿಗೆ ಮೇಜರ್ ಲೀಗ್ ಸ್ಥಾನ ಸಿಕ್ಕಿತು. 2024ರ ಮೇ ತಿಂಗಳಲ್ಲಿ, ತೀರಿಕೊಂಡು 77 ವರ್ಷ ಕಳೆದಿದ್ದ ಜೋಶ್ ಗಿಬ್ಸನ್, ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್‌ನನ್ನೂ ಹಿಂದಿಕ್ಕಿ ಸಾರ್ವಕಾಲಿಕ ಪಟ್ಟಿಯ ಮೊದಲ ಸಾಲಿಗೆ ಬಂದರು. ಯಾರೋ ವರದಿಗಾರರು ಸಣ್ಣ ಅಕ್ಷರದಲ್ಲಿ ಬರೆದಿಟ್ಟಿದ್ದರಿಂದ ಈ ನ್ಯಾಯ ಸಾಧ್ಯವಾಯಿತು.

ನಮ್ಮಲ್ಲಿ ಮರೆವಿಗೆ ಮೊದಲು ಬಲಿಯಾಗುವವರು ಯಾರೆಂದು ಯೋಚಿಸಿ. ಕೀಚಕನ ಹೆಸರು ಉಳಿಯುತ್ತದೆ, ಅವನೆದುರು ನಿಂತ ಸೈರಂಧ್ರಿಯ ಹೆಸರು ಉಳಿಯುವುದಿಲ್ಲ. ಹಾಸ್ಯಗಾರ, ಕೊನೆಗಳಿಗೆಯಲ್ಲಿ ಬದಲಿಗೆ ಬಣ್ಣ ಹಚ್ಚಿದವರು, ಚಂಡೆಯವರು, ಇರುಳಿನ ಮೊದಲ ಭಾಗಕ್ಕೆ ಪದ ಹೇಳಿದ ಭಾಗವತರು ಎಲ್ಲರೂ ಜಾರಿಹೋಗುತ್ತಾರೆ. ನೆಬ್ಬೂರು ನಾರಾಯಣ ಭಾಗವತರು, ಕಡತೋಕಾ ಮಂಜುನಾಥ ಭಾಗವತರು, ಮದ್ದಳೆಯ ದುರ್ಗಪ್ಪ ಗುಡಿಗಾರರಂಥವರು ಹೆಸರಾದರು, ಸರಿ. ಆದರೂ ಯಾವ ವೇಷಧಾರಿಯ ಯಾವ ರಾತ್ರಿಯನ್ನು ಅವರು ಎತ್ತಿ ನಿಲ್ಲಿಸಿದರು ಎಂಬುದನ್ನು ಅಭಿಮಾನಿಗಳ ಬಾಯಿಮಾತಿನಿಂದಲೇ ಹೆಕ್ಕಬೇಕಾಗಿದೆ. ಇದರ ನಷ್ಟ ಎಷ್ಟು ದೊಡ್ಡದೆಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ. 1843ರಲ್ಲಿ ವಿಷ್ಣುದಾಸ ಭಾವೆ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆ ಕನ್ನಡ ನಾಡಿನಿಂದ ಹೋಗಿದ್ದ ಭಾಗವತ ಮೇಳವೆಂದು ಹೇಳಲಾಗುತ್ತದೆ. ಆ ಮೇಳ ಹೊನ್ನಾವರದ ಕರ್ಕಿಯದು ಎಂಬುದು ಇಲ್ಲಿನವರ ಹೆಮ್ಮೆಯ ಮಾತು. ಒಂದು ಭಾಷೆಯ ರಂಗಭೂಮಿಯನ್ನೇ ಎಬ್ಬಿಸಿದ ಆಟಕ್ಕೆ ಪಾತ್ರವರ್ಗದ ಒಂದು ಪುಟವಿದ್ದಿದ್ದರೆ ಆ ಹೆಮ್ಮೆಗೆ ಎಷ್ಟು ಬಲ ಬರುತ್ತಿತ್ತು!

ತಿಟ್ಟಿನ ಅಧ್ಯಯನಕ್ಕೂ ಇದು ಬೇಕು. ಭಟ್ಕಳ ದಾಟಿದರೆ ಬೈಂದೂರು, ಕುಂದಾಪುರ. ಎರಡೂ ಕಡೆ ಬಡಗುತಿಟ್ಟೇ ಆದರೂ ಕುಣಿತದ ಗತ್ತು, ಅಭಿನಯದ ಒತ್ತು ಬೇರೆ. ಚಿಟ್ಟಾಣಿಯವರು ಕೋಟದ ಅಮೃತೇಶ್ವರಿ ಮೇಳದಲ್ಲಿ ಕುಣಿದರು. ಕುಮಟಾ ಸೀಮೆಯ ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಹಾಡಿದರು. ಯಾರ ಪದಕ್ಕೆ ಯಾರು ಎಷ್ಟು ರಾತ್ರಿ ಕುಣಿದರು ಎಂಬುದು ತಿಳಿಯದೆ ಒಂದು ಶೈಲಿ ಇನ್ನೊಂದರೊಳಗೆ ಹೇಗೆ ಬೆರೆಯಿತೆಂದು ಹೇಳಲಾಗದು.

ರಸವನ್ನು ಅಂಕಿಯಲ್ಲಿ ಹಿಡಿಯಲಾಗದು ಎಂಬ ಆಕ್ಷೇಪ ಬಂದೇ ಬರುತ್ತದೆ. ಒಪ್ಪುತ್ತೇನೆ. ಯಾರಿಗೆ ಎಷ್ಟು ಚಪ್ಪಾಳೆ ಬಿತ್ತೆಂದು ಎಣಿಸುವುದು ಬೇಡ. ಯಾರು, ಎಲ್ಲಿ, ಏನು ಮಾಡಿದರು ಎಂಬುದಷ್ಟೇ ಸಾಕು. ರಸದ ಮಾತನ್ನು ವಿಮರ್ಶಕರು ಆ ನೆಲದ ಮೇಲೆ ನಿಂತು ಆಡಲಿ. ಬರೆದಿಟ್ಟರೆ ಆಶುವಿನ ಕಲೆ ಜಡವಾದೀತು ಎನ್ನುವವರೂ ಇದ್ದಾರೆ. ಒಬ್ಬನೇ ಕಲಾವಿದ ಅದೇ ಕರ್ಣನನ್ನು ಮೂರು ಊರಲ್ಲಿ ಮೂರು ಬಗೆಯಾಗಿ ಕಂಡರಿಸಿದ ಎಂದು ತೋರಿಸಿಕೊಡುವುದು ದಾಖಲೆಯೇ, ಹಾಗಾಗಿ ಅದು ಸ್ವಾತಂತ್ರ್ಯದ ಪರವಾದ ಸಾಕ್ಷಿ. ಹೆಚ್ಚು ಬಲವಾದ ಆಕ್ಷೇಪವೆಂದರೆ ಯೂಟ್ಯೂಬ್. ಎಲ್ಲವೂ ವಿಡಿಯೊದಲ್ಲಿದೆಯಲ್ಲ? ಹಳೆಯ ತಲೆಮಾರಿನ ಉತ್ತುಂಗದ ಆಟಗಳು ಅಲ್ಲಿ ಬಹುಮಟ್ಟಿಗೆ ಇಲ್ಲ. ಇರುವ ತುಣುಕುಗಳಲ್ಲಿ ಕ್ಯಾಮೆರಾ ವೇಷದ ಮೇಲಿರುತ್ತದೆ, ಹಿಮ್ಮೇಳದ ಹೆಸರು, ತಾರೀಖು ಎಷ್ಟೋ ಬಾರಿ ಕಾಣೆ. ಇನ್ನು ಕರಪತ್ರ ನಂಬಿ ಕೂರುವಂತಿಲ್ಲ. ಅದು ಆಟಕ್ಕೆ ಮೊದಲು ಕೊಟ್ಟ ಮಾತು. ಯಾರು ಬರಲಿಲ್ಲ, ಯಾರು ಬದಲಿಯಾದರು ಎಂಬುದು ಚೌಕಿಗೆ ಮಾತ್ರ ಗೊತ್ತು.

ಇದಕ್ಕೆ ದೊಡ್ಡ ಹಣ ಬೇಡ. ಅಮೆರಿಕದಲ್ಲಿ 1989ರಲ್ಲಿ ಶುರುವಾದ ‘ರೆಟ್ರೋಶೀಟ್’ ಎಂಬ ಸ್ವಯಂಸೇವಕರ ಕೂಟ ಹಳೆಯ ಸ್ಕೋರ್ ಪುಸ್ತಕಗಳನ್ನು ಹುಡುಕಿ ತಂದು ದಶಕಗಳ ಪಂದ್ಯಗಳನ್ನು ಮರುಕಟ್ಟಿತು. ನಮ್ಮಲ್ಲಿ ಕಲಾವಿದರ ಮನೆಯ ಡೈರಿ, ಸಂಘಟಕರ ಸಂಭಾವನೆ ಲೆಕ್ಕ, ಹಳೆ ಕರಪತ್ರಗಳು ಎಲ್ಲೆಲ್ಲಿವೆಯೋ ಅಲ್ಲಿಂದ ಒಟ್ಟುಗೂಡಿಸಲು ಕರ್ನಾಟಕ ಯಕ್ಷಗಾನ ಅಕಾಡೆಮಿ ಮುಂದಾಗಲಿ. ಹೊಸ ಆಟಗಳಿಗೆ ಸಂಘಟಕರೇ ಹೊಣೆ ಹೊರಲಿ: ಊರು, ದಿನ, ಪ್ರಸಂಗ, ವೇಷಗಳು, ಯಾವ ಭಾಗಕ್ಕೆ ಯಾರ ಪದ, ಯಾರ ಮದ್ದಳೆ, ಯಾರ ಚಂಡೆ, ಬಿಟ್ಟ ಪದ್ಯಗಳು, ಬದಲಿಯಾದವರು. ಮಂಗಳ ಹಾಡಿದ ಮೇಲೆ, ಬಣ್ಣ ಒರೆಸಿಕೊಳ್ಳುವ ಹೊತ್ತಿಗೆ ಭಾಗವತರೊಬ್ಬರು ಓದಿ ಸಹಿ ಹಾಕಿದರೆ ಪುಟ ಪೂರ್ಣ. ಒಂದು ಪ್ರತಿ ಮೇಳಕ್ಕೆ, ಇನ್ನೊಂದು ತಾಲೂಕು ಗ್ರಂಥಾಲಯಕ್ಕೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡುವ ಮೊದಲೇ ಮೂರೂ ತಾಲೂಕುಗಳ ಸಂಘಟಕರು ಒಂದೆಡೆ ಕೂತು ಈ ನಮೂನೆಯನ್ನು ಒಪ್ಪಿಕೊಳ್ಳಲಿ.